ಮರೆ, ಮರಸು, ಮರೆವು

ಆಗುಂಬೆ ಸೀಮೆಯಲ್ಲಿ ಮಳೆಗಾಲ ಹತ್ತಿರವಾದಂತೆ ಮನೆಮನೆಯಲ್ಲೂ ಕಿವಿಗೆ ಬೀಳುವ ಪದ ‘ಮರೆ’. ಪಡುವಣ ಗೋಡೆಗೆ ಸೋಗೆಯ ಮರೆ ಕಟ್ಟಬೇಕು. ಕಟ್ಟಿಗೆ ಒಟ್ಟಿದ ಕಡೆಗೊಂದು ಮರೆ ಆಗಬೇಕು. ಕೊಟ್ಟಿಗೆಗೆ ಇರಚಲು ಹೊಡೆಯದ ಹಾಗೆ ತಟ್ಟಿಯ ಮರೆ ನಿಲ್ಲಿಸಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಘಟ್ಟದ ನೆತ್ತಿಯಲ್ಲಿ ಮರೆಯಿಲ್ಲದ ಮಣ್ಣಿನ ಗೋಡೆ ಬಾಳುವುದಿಲ್ಲ. ಹೀಗಾಗಿ ಇಲ್ಲಿನವರ ಬಾಯಲ್ಲಿ ಮರೆ ಎಂದರೆ ಮೊದಲು ಆಸರೆ. ಗುಟ್ಟು, ಬಚ್ಚಿಡುವುದು ಎಂಬ ಅರ್ಥಗಳು ಆಮೇಲೆ ಬರುತ್ತವೆ.

ಅದೇ ಪದ ಈಗ ಮೊಬೈಲಿನ ತೆರೆಯ ಮೇಲೂ ದಿನನಿತ್ಯ ಕಾಣುತ್ತದೆ: ‘ಪಾಸ್‌ವರ್ಡ್ ಮರೆತಿರಾ?’ ಜಾಲತಾಣ ಕಟ್ಟುವವರು ಅಕ್ಷರಸಾಲುಗಳನ್ನು ಮರೆಮಾಡುವುದಕ್ಕೂ ಮತ್ತೆ ಹೊರತೆಗೆಯುವುದಕ್ಕೂ ಹಲವು ಸಣ್ಣ ಉಪಾಯಗಳನ್ನು ಬಳಸುತ್ತಾರೆ. ಅವುಗಳಲ್ಲಿ ಕೆಲವು ಬರಿಯ ಆಸರೆ, ಕೆಲವು ಅಡಗಿಸುವಿಕೆ, ಕೆಲವು ಹಿಂತಿರುಗಲಾಗದ ಮರೆವು. ಈ ಮೂರನ್ನು ಬೇರ್ಪಡಿಸಿ ನೋಡದ ಕಾರಣಕ್ಕೆ ಜನರ ಗುಟ್ಟುಗಳು ಬಯಲಾಗುತ್ತಲೇ ಇವೆ. ಕನ್ನಡದ ಒಂದು ಪುಟ್ಟ ಧಾತು ಈ ಮೂರೂ ಅರ್ಥಗಳನ್ನು ಹಳಗನ್ನಡದ ಕಾಲದಿಂದ ಹೊತ್ತುಕೊಂಡು ಬಂದಿದೆ. ಅದರ ದಾರಿಯನ್ನು ಹಿಡಿದು ನಡೆದರೆ ಕಂಪ್ಯೂಟರಿನ ಈ ವಿಷಯವೂ ನೇರವಾಗಿ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಹಳಗನ್ನಡದಲ್ಲಿ ಇದರ ರೂಪ ‘ಮಱೆ’. ನಡುವೆ ಇರುವುದು ಇಂದಿನ ರಕಾರವಲ್ಲ. ವೈಯಾಕರಣರು ಶಕಟರೇಫ ಎಂದು ಕರೆದ ಗಡಸು ಱಕಾರ. ಅಂದಿನವರಿಗೆ ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಎರಡನ್ನೂ ಉಚ್ಚಾರದಲ್ಲಿಯೇ ಬೇರೆಮಾಡುತ್ತಿದ್ದರು. ನಡುಗನ್ನಡದ ಹೊತ್ತಿಗೆ ನಾಲಿಗೆ ಆ ಭೇದವನ್ನು ಬಿಟ್ಟಿತು, ಬರಹ ಸ್ವಲ್ಪ ತಡವಾಗಿ ಬಿಟ್ಟಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಱಕಾರವನ್ನು ಜೋಪಾನವಾಗಿ ಉಳಿಸಿಕೊಂಡಿದೆ. ಹಳೆಯ ಪದಗಳ ಬೆನ್ನು ಹತ್ತಿದವರಿಗೆ ಅದು ದೊಡ್ಡ ಉಪಕಾರ. ಇಂದು ನಾವು ‘ಮರೆ’ ಎಂದು ಬರೆದಾಗ ಒಳಗಿದ್ದ ಅಕ್ಷರ ಯಾವುದೆಂದು ಆ ಬರಹವೊಂದರಿಂದಲೇ ಹೇಳಲಾಗದು. ತಮಿಳು, ಮಲಯಾಳಗಳು ಆ ಭೇದವನ್ನು ಇನ್ನೂ ಉಳಿಸಿಕೊಂಡಿವೆ. ನಮ್ಮಲ್ಲಿ ಕಳೆದುಹೋದ ಗುರುತನ್ನು ಅವುಗಳಿಂದ ಮರಳಿ ಪಡೆಯಬೇಕು.

ಆ ಭಾಷೆಗಳ ಸಾಕ್ಷಿ ಬಹಳ ಬೆಲೆಯುಳ್ಳದ್ದು. ಮಲಯಾಳದಲ್ಲಿ ‘ಮಱಕ್ಕುಕ’ ಎಂದರೆ ನೆನಪಿನಿಂದ ಬಿಡು, ‘ಮಱಯ್ಕ್ಕುಕ’ ಎಂದರೆ ಕಾಣದಂತೆ ಮಾಡು. ತಮಿಳಿನಲ್ಲಿ ‘ಮಱ’ ಮತ್ತು ‘ಮಱೈ’ ಇದೇ ಜೋಡಿ. ‘ಮಱೈ’ ಎಂಬುದು ಅಲ್ಲಿ ವೇದಕ್ಕೂ ಹೆಸರು. ತೆಲುಗಿನಲ್ಲಿ ಮಱಚು ಎಂದರೆ ಮರೆತುಬಿಡು, ಮಱುಗು ಎಂದರೆ ಮುಸುಕು, ಅಡ್ಡ. ಆಗುಂಬೆಯ ತಿರುವುಗಳನ್ನು ಇಳಿದು ಸೋಮೇಶ್ವರ, ಹೆಬ್ರಿ ದಾಟುವಷ್ಟರಲ್ಲಿ ತುಳು ಕಿವಿಗೆ ಬೀಳುತ್ತದೆ. ಅಲ್ಲಿ ಮರೆತುಹೋಯಿತು ಎನ್ನುವುದಕ್ಕೆ ‘ಮದತ್ ಪೋಂಡು’. ಘಟ್ಟದ ಮೇಲೆ ರಕಾರವಾದ ಹಳೆಯ ಱಕಾರ ಘಟ್ಟದ ಕೆಳಗೆ ದಕಾರವಾಗಿದೆ. ಇಷ್ಟು ಭಾಷೆಗಳಲ್ಲಿ ಅಡಗುವುದೂ ಮರೆಯುವುದೂ ಅಕ್ಕಪಕ್ಕದಲ್ಲೇ ಇರುವಾಗ ಎರಡೂ ಒಂದೇ ಬೇರಿನಿಂದ ಒಡೆದವು ಎಂದು ನನಗೆ ಅನುಮಾನವಿಲ್ಲದೆ ತೋರುತ್ತದೆ. ಮರೆಯುವುದೆಂದರೆ ಮನಸ್ಸಿಗೆ ಮರೆಯಾಗುವುದು.

ಆದರೆ ಕನ್ನಡ ಇವೆರಡನ್ನೂ ಕಲಸಿಬಿಡಲಿಲ್ಲ. ‘ನಾನು ಮರೆಮಾಡಿದೆ’ ಎಂದಾಗ ಮಾಡಿದವನು ನಾನು. ಎಲ್ಲಿಟ್ಟಿದ್ದೇನೆಂದು ಬಲ್ಲೆ, ಬೇಕಾದಾಗ ತೆಗೆಯಬಲ್ಲೆ. ‘ನನಗೆ ಮರೆತುಹೋಯಿತು’ ಎಂದಾಗ ಅದು ನನಗೆ ಆದದ್ದು, ನಾನು ಮಾಡಿದ್ದಲ್ಲ. ತೀರ್ಥಹಳ್ಳಿ ಕಡೆಯವರು ‘ನಂಗೆ ಮರ್ತೇ ಹೋಯ್ತು ಮಾರಾಯ’ ಎನ್ನುವಾಗ ಆ ‘ನಂಗೆ’ಯಲ್ಲಿ ಒಂದು ಕೈಸೋಲು ಇದೆ. ಮರೆಮಾಡಿದ್ದಕ್ಕೆ ಬೀಗದ ಕೈ ಉಂಟು, ಮರೆತದ್ದಕ್ಕೆ ಇಲ್ಲ. ಶರಣರು ಅರಿವಿನ ಎದುರಿಗೆ ಮರಹು, ಮರವೆ ಎಂಬ ಪದಗಳನ್ನೇ ನಿಲ್ಲಿಸಿದರು, ಮುಸುಕು ಎಂಬುದನ್ನಲ್ಲ. ಅವರಿಗೆ ಬೇಕಾದದ್ದು ಆ ಕೈಸೋಲಿನ ಅರ್ಥ.

ಆಸರೆ ಎಂಬ ಅರ್ಥಕ್ಕೆ ಮಲೆನಾಡಿನ ಚರಿತ್ರೆಯಲ್ಲಿಯೇ ಒಂದು ದೊಡ್ಡ ಪ್ರಸಂಗವಿದೆ. ಹಳಗನ್ನಡದ ‘ಮಱೆವೊಗು’ ನಡುಗನ್ನಡದಲ್ಲಿ ‘ಮರೆಹೊಗು’ ಆಯಿತು. ರಕ್ಷಣೆ ಬೇಡಿ ಒಬ್ಬರ ಆಶ್ರಯಕ್ಕೆ ಹೋಗು ಎಂದರ್ಥ. ಮರೆಹೊಕ್ಕವರನ್ನು ಕಾಯುವುದು ಅರಸರ ಹಿರಿಮೆ. ಸಂಸ್ಕೃತದಲ್ಲಿ ಅದಕ್ಕೇ ‘ಶರಣಾಗತ ವಜ್ರಪಂಜರ’ ಎಂಬ ಬಿರುದು. 1689ರಲ್ಲಿ ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡ ಶಿವಾಜಿಯ ಮಗ ರಾಜಾರಾಮ ಪನ್ಹಾಳದಿಂದ ಜಿಂಜಿಗೆ ಹೋಗುವ ದಾರಿಯಲ್ಲಿ, ವೇಷ ಮರೆಸಿಕೊಂಡು ಕೆಳದಿ ಸಂಸ್ಥಾನವನ್ನು ಮರೆಹೊಕ್ಕ. ಆಗ ಆಳುತ್ತಿದ್ದವಳು ರಾಣಿ ಚೆನ್ನಮ್ಮ. ರಾಜಧಾನಿ ಬಿದನೂರು, ಇಂದಿನ ಹೊಸನಗರ ತಾಲ್ಲೂಕಿನ ನಗರ. ಮೊಘಲ್ ಸೇನೆ ಬೆನ್ನಟ್ಟಿ ಬಂದರೂ ಅವಳು ಅವನನ್ನು ಒಪ್ಪಿಸಲಿಲ್ಲ. ಅವನು ಜಿಂಜಿಯನ್ನು ಸೇರಿದ. 18ನೆಯ ಶತಮಾನದ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಇದನ್ನು ಹಾಡಿದೆ. ಈ ಒಂದೇ ಪ್ರಸಂಗದಲ್ಲಿ ಪದದ ಎರಡು ಬಳಕೆಗಳಿರುವುದನ್ನು ಗಮನಿಸಬೇಕು. ವೇಷ ಮರೆಸುವುದು ಗುರುತು ಸಿಗದಿರಲಿ ಎಂದು. ಮರೆಹೊಗುವುದು ಪ್ರಾಣ ಉಳಿಯಲಿ ಎಂದು. ವೇಷ ಒಬ್ಬ ಗುರುತಿನವನ ಕಣ್ಣಿಗೆ ಬಿದ್ದರೆ ಸಾಕು, ಕಳಚಿಬೀಳುತ್ತದೆ. ಚೆನ್ನಮ್ಮನ ಮರೆ ಸೇನೆಯ ಎದುರಿಗೂ ನಿಂತಿತು.

ಮಲೆನಾಡಿನದೇ ಇನ್ನೊಂದು ಪದ ‘ಮರಸು’. ರಾತ್ರಿ ಪ್ರಾಣಿ ಬರುವ ದಾರಿಯಲ್ಲಿ ಕೋವಿ ಹಿಡಿದು ಅಡಗಿ ಕಾಯುವುದು ಮರಸು ಕೂರುವುದು. ಬೇಟೆ ನಿಷೇಧವಾಗಿ ಆ ಕಾಲ ಹೋಯಿತು; ಪದ ಮಾತ್ರ ಹಿರಿಯರ ಮಾತಿನಲ್ಲಿಯೂ ಮಲೆನಾಡಿನ ಕಥೆ ಕಾದಂಬರಿಗಳಲ್ಲಿಯೂ ಉಳಿದಿದೆ. ಮರದ ಮೇಲಿನ ಅಟ್ಟಣೆ ನೆನಪಾಗುವುದರಿಂದ ಮರವೇ ಇದರ ಮೂಲ ಎನಿಸಬಹುದು. ನನ್ನ ಎಣಿಕೆಯಲ್ಲಿ ಇದು ಮರೆಸು ಎಂಬುದರದೇ ರೂಪ, ತಲೆಮರೆಸು, ವೇಷಮರೆಸು ಎಂಬಲ್ಲಿರುವ ಮರೆಸು. ಮುಚ್ಚುಮರೆ, ಮರೆಮೋಸ, ಎಲೆಮರೆಯ ಕಾಯಿ, ತೆರೆಮರೆ, ಕಣ್ಮರೆ, ಮೈಮರೆ, ಮರೆಗುಳಿ ಎಂದು ಈ ಬೇರಿನ ಚಿಗುರುಗಳು ಹೇರಳ. ಪತ್ರಿಕೆಯಲ್ಲಿ ‘ತಲೆಮರೆಸಿಕೊಂಡ ಆರೋಪಿ’ಯನ್ನು ಓದಿದಾಗ ಅವನು ಎಲ್ಲೋ ಇದ್ದಾನೆ, ಹುಡುಕಿದರೆ ಸಿಗುತ್ತಾನೆ ಎಂಬ ಭಾವ ಬರುತ್ತದೆ. ಮರೆಯ ಒಡಲಲ್ಲಿಯೇ ಆ ಭರವಸೆ ಇದೆ.

ಇನ್ನು ಕಂಪ್ಯೂಟರಿಗೆ ಬರೋಣ. ಅದಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಮಕಾರದ ಸಂಖ್ಯೆ 3246, ರಕಾರದ್ದು 3248, ಎತ್ವದ್ದು 3270. ನಾವು ಕಳೆದುಕೊಂಡ ಱಕಾರಕ್ಕೂ 3249 ಎಂಬ ಮನೆಯನ್ನು ಅಲ್ಲಿ ಕೊಟ್ಟಿದ್ದಾರೆ. ಅದರ ಜೊತೆಗಾರ ೞಕಾರಕ್ಕೂ ಮನೆ ಸಿಕ್ಕಿತು, ಆದರೆ ಹೆಸರಿಡುವಾಗ ತಪ್ಪಾಗಿ ಅದನ್ನು ‘ಫ’ ಎಂದು ಬರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟಳೆಯಾದ್ದರಿಂದ ಆ ತಪ್ಪು ಹೆಸರೇ ಇಂದಿಗೂ ಇದೆ. ಕನ್ನಡದ ಒಂದು ಹಿರಿಯ ಅಕ್ಷರಕ್ಕೆ ಹೀಗಾದದ್ದು ನನ್ನನ್ನು ನೋಯಿಸುತ್ತದೆ.

ಈ ಸಂಖ್ಯೆಗಳನ್ನು ಜಾಲದಲ್ಲಿ ಸಾಗಿಸುವಾಗ ಯುಟಿಎಫ್-8 ಎಂಬ ಪದ್ಧತಿಯಂತೆ ಒಂದೊಂದು ಕನ್ನಡ ಸಂಕೇತವೂ ಮೂರು ಮೂರು ಬೈಟುಗಳಾಗಿ ಒಡೆಯುತ್ತದೆ. ‘ಮರೆ’ ಎಂಬುದು 224, 178, 174. 224, 178, 176. 224, 179, 134 ಎಂಬ ಒಂಬತ್ತು ಸಂಖ್ಯೆಗಳ ಸಾಲು. ‘ಆಗುಂಬೆ’ಯಲ್ಲಿ ಸ್ವರಚಿಹ್ನೆ, ಅನುಸ್ವಾರಗಳೂ ಸೇರಿ ಆರು ಸಂಕೇತಗಳಿವೆ, ಹಾಗಾಗಿ 18 ಬೈಟು. ಜಾಲವಿಳಾಸದೊಳಗೆ ಹಾಕಿದಾಗ ಒಂದೊಂದು ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಗುರುತುಗಳಾಗಿ ಹಿಗ್ಗುತ್ತದೆ. ಮೂರಕ್ಷರದ ಆಗುಂಬೆ 54 ಗುರುತುಗಳ ಉದ್ದದ ಸಾಲಾಗುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ವಾಟ್ಸ್ಆ್ಯಪಿಗೆ ಅಂಟಿಸಿದಾಗ ಬರುವ ಆ ಅರ್ಥವಾಗದ ಹನುಮಂತನ ಬಾಲ ಇದೇ. ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ಇಂಗ್ಲಿಷ್ ಅಕ್ಷರಗಳಿಗಷ್ಟೇ ಮಾಡಿದ ದಾರಿಯಲ್ಲಿ ಕನ್ನಡ ಕೆಡದೆ ಸಾಗಲಿ ಎಂದು ಹೊದಿಸಿದ ಮರೆ ಅದು.

ಬೇಸ್64 ಎಂಬುದೂ ಇದೇ ಕುಲದ್ದು. ಇ-ಅಂಚೆಯ ಹಳೆಯ ಯಂತ್ರಗಳು ಇಂಗ್ಲಿಷಿನ ಸಾಮಾನ್ಯ ಅಕ್ಷರಗಳನ್ನು ಬಿಟ್ಟು ಬೇರೇನು ಬಂದರೂ ಕೆಡಿಸಿಬಿಡುತ್ತಿದ್ದವು. ಚಿತ್ರ, ಧ್ವನಿ, ಬೇರೆ ಭಾಷೆಯ ಬರಹ ಕೆಡದೆ ತಲುಪಲಿ ಎಂದು 1992ರಲ್ಲಿ ಇ-ಅಂಚೆಯ ಹೊಸ ಕಟ್ಟಳೆಯೊಳಗೆ ಇದನ್ನು ಸೇರಿಸಿದರು. ಮೂರು ಬೈಟುಗಳನ್ನು ಒಟ್ಟುಮಾಡಿ, ನಾಲ್ಕು ಸಮಭಾಗ ಮಾಡಿ, ಒಂದೊಂದು ಭಾಗಕ್ಕೂ 64 ಸುರಕ್ಷಿತ ಗುರುತುಗಳಲ್ಲಿ ಒಂದನ್ನು ಕೊಡುವುದು ಅದರ ಕ್ರಮ. ‘ಮರೆ’ಯ ಒಂಬತ್ತು ಬೈಟು 12 ಗುರುತುಗಳಾಗುತ್ತವೆ. ಬೀಗವಿಲ್ಲ, ಬೀಗದ ಕೈಯೂ ಇಲ್ಲ. ಪಟ್ಟಿ ಎಲ್ಲರಿಗೂ ತಿಳಿದಿದೆ. ಕನ್ನಡಕ್ಕಂತೂ ಇನ್ನೊಂದು ವಿಶೇಷ. ಕನ್ನಡದ ಸಂಕೇತಗಳೆಲ್ಲ 224ರಿಂದ ಶುರುವಾಗಿ 178 ಅಥವಾ 179ಕ್ಕೆ ಹೋಗುವುದರಿಂದ, ನಡುವೆ ಸ್ಥಳ ಬಿಡದೆ ಬರಿಯ ಕನ್ನಡ ಅಕ್ಷರಗಳಲ್ಲಿ ಬರೆದ ಯಾವ ಪದವನ್ನು ಬೇಸ್64ಕ್ಕೆ ಹಾಕಿದರೂ ನಾಲ್ಕು ನಾಲ್ಕು ಗುರುತಿಗೊಮ್ಮೆ ‘4’ ಅಂಕಿ, ಅದರ ಪಕ್ಕ ಇಂಗ್ಲಿಷಿನ ದೊಡ್ಡ ‘ಎಲ್’ ಬಂದೇ ಬರುತ್ತದೆ. ಪಳಗಿದ ಕಣ್ಣು ಬಿಡಿಸದೆಯೂ ಹೇಳಬಲ್ಲದು: ಒಳಗೆ ಕನ್ನಡ ಇದೆ.

ಅಡಿಕೆ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತರುವ ಮೊದಲು, ಸಾಗರ ಹೊಸನಗರದ ಕಡೆ ಮಳೆ ಹಿಡಿಯುವುದಕ್ಕೆ ಮುಂಚೆ ಮರ ಹತ್ತಿ ಒಂದೊಂದು ಕೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟುವುದು ಕೊನೆಯ ಮೇಲೆ ನೀರು ನಿಲ್ಲದಿರಲಿ ಎಂದು. ಒಳಗಿರುವುದು ಅಡಿಕೆ ಎಂದು ಕೆಳಗೆ ನಿಂತವರಿಗೆಲ್ಲ ಗೊತ್ತು; ಕದಿಯುವವನಿಗೆ ಕೊಟ್ಟೆ ಅಡ್ಡಿಯೇ ಅಲ್ಲ. ಬೇಸ್64 ಕೊಟ್ಟೆ. ಮಳೆಯಿಂದ ಕಾಯುತ್ತದೆ, ಕಳ್ಳನಿಂದ ಕಾಯುವುದಿಲ್ಲ. ಅದನ್ನು ಕಟ್ಟಿದವರು ಕಳ್ಳನಿಂದ ಕಾಯುತ್ತದೆಂದು ಎಂದೂ ಹೇಳಿರಲಿಲ್ಲ. ಹೀಗಿದ್ದೂ ಜಾಲದ ‘ಬೇಸಿಕ್’ ಎಂಬ ಹಳೆಯ ಪ್ರವೇಶಕ್ರಮದಲ್ಲಿ ಬಳಕೆದಾರನ ಹೆಸರು, ಒಂದು ವಿವರಣ ಚಿಹ್ನೆ, ಪಾಸ್‌ವರ್ಡ್ ಇಷ್ಟನ್ನೂ ಒಟ್ಟಿಗೆ ಬೇಸ್64ಕ್ಕೆ ಹಾಕಿ ಕಳುಹಿಸುತ್ತಾರೆ. ಇಡೀ ದಾರಿಗೇ ಬೀಗ ಹಾಕುವ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಅದು ಬಯಲಲ್ಲಿಟ್ಟ ಹಾಗೆಯೇ.

ಕನ್ನಡ ಬಳಸುವ ಪ್ರೋಗ್ರಾಮರುಗಳಿಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಜಾವಾಸ್ಕ್ರಿಪ್ಟಿನಲ್ಲಿ ಬೇಸ್64 ಮಾಡುವ ‘ಬಿ ಟು ಎ’ ಎಂಬ ಸಿದ್ಧ ಸೂಚನೆಗೆ ‘ಮರೆ’ ಎಂದು ನೇರವಾಗಿ ಕೊಟ್ಟರೆ ಅದು ದೋಷ ಎಂದು ನಿಂತುಬಿಡುತ್ತದೆ, 255ಕ್ಕಿಂತ ದೊಡ್ಡ ಸಂಖ್ಯೆಯ ಅಕ್ಷರ ಅದಕ್ಕೆ ಹಿಡಿಸುವುದಿಲ್ಲ. ಮೊದಲು ಯುಟಿಎಫ್-8 ಬೈಟುಗಳಾಗಿ ಒಡೆದು ಆಮೇಲೆ ಕೊಡಬೇಕು. ಹೊರತೆಗೆಯುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಇಂಗ್ಲಿಷಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದು ಬಿಟ್ಟ ಎಷ್ಟೋ ತಾಣಗಳು ಕನ್ನಡದ ಹೆಸರೊಂದು ಬಂದ ಕೂಡಲೇ ಮುಗ್ಗರಿಸುವುದಕ್ಕೆ ಕಾರಣ ಇಂಥದೇ.

ಅಡಗಿಸುವುದಕ್ಕಾಗಿಯೇ ಇರುವ ಹಗುರ ಉಪಾಯಗಳೂ ಇವೆ. ಇಂಗ್ಲಿಷಿನ 26 ಅಕ್ಷರಗಳಲ್ಲಿ ಒಂದೊಂದನ್ನೂ 13 ಸ್ಥಾನ ಮುಂದಕ್ಕೆ ದೂಡುವುದು ರಾಟ್13. ಇನ್ನೊಮ್ಮೆ 13 ದೂಡಿದರೆ ಸುತ್ತು ಪೂರ್ತಿಯಾಗಿ ಮೊದಲಿನ ಅಕ್ಷರವೇ ಸಿಗುತ್ತದೆ. ಮರೆಮಾಡುವುದೂ ತೆರೆಯುವುದೂ ಒಂದೇ ಕ್ರಿಯೆ. ಕನ್ನಡಕ್ಕೆ ಇದು ತಾಗುವುದೇ ಇಲ್ಲ, ‘ಮರೆ’ ಹಾಕಿದರೆ ‘ಮರೆ’ಯೇ ಹೊರಬರುತ್ತದೆ. ನಮಗೆ ಬೇಕಿದ್ದರೆ ಇದಕ್ಕಿಂತ ಬಹಳ ಹಳೆಯದೊಂದಿದೆ. ವಾತ್ಸ್ಯಾಯನನ ಕಾಮಸೂತ್ರ 64 ಕಲೆಗಳ ಪಟ್ಟಿಯಲ್ಲಿ ‘ಮ್ಲೇಚ್ಛಿತವಿಕಲ್ಪ’ ಎಂಬುದನ್ನು ಸೇರಿಸಿದೆ; 13ನೆಯ ಶತಮಾನದ ಯಶೋಧರ ಅದರ ವ್ಯಾಖ್ಯಾನದಲ್ಲಿ ‘ಮೂಲದೇವೀಯ’ ಎಂಬ ಅಕ್ಷರಪಲ್ಲಟವನ್ನು ವಿವರಿಸಿದ್ದಾನೆ. ಅಕ್ಷರಗಳನ್ನು ಜೋಡಿ ಜೋಡಿಯಾಗಿ ಕಟ್ಟಿ ಒಂದರ ಜಾಗಕ್ಕೆ ಇನ್ನೊಂದನ್ನು ಇಡುವುದು: ಖಕ್ಕೆ ಗ, ತಕ್ಕೆ ಪ, ನಕ್ಕೆ ಮ, ಯಕ್ಕೆ ಶ, ರಕ್ಕೆ ಷ, ಲಕ್ಕೆ ಸ. ಸ್ವರಗಳನ್ನು ಹಾಗೇ ಬಿಟ್ಟು ಈ ಕ್ರಮದಲ್ಲಿ ಬರೆದರೆ ‘ಮರೆ’ ‘ನಷೆ’ಯಾಗುತ್ತದೆ, ‘ನಷೆ’ಯನ್ನು ಮತ್ತೊಮ್ಮೆ ಪಲ್ಲಟಿಸಿದರೆ ‘ಮರೆ’ ಮರಳುತ್ತದೆ. ರಾಟ್13ರ ಗುಣವೇ ಇದು. ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಮಕ್ಕಳು ಆಡುವ ಕ-ಭಾಷೆಯೂ ಇದರ ಬಂಧುವೇ, ‘ಬಾರೋ’ ಅಲ್ಲಿ ‘ಕಬಾಕರೋ’.

ಇವೆಲ್ಲ ವೇಷ ಮರೆಸುವ ಕುಲ. ಗುರುತಿನವನ ಎದುರು ನಿಲ್ಲಲಾರವು. ಆದರೂ ಇವಕ್ಕೆ ಅವುಗಳದೇ ಕೆಲಸ ಉಂಟು. ಆಗುಂಬೆಯ ಒಂದು ಹೋಂಸ್ಟೇ ತನ್ನ ತಾಣದಲ್ಲಿ ಇ-ಅಂಚೆ ವಿಳಾಸವನ್ನು ಹಾಕಿತೆನ್ನಿ. ಊರೂರು ಅಲೆದು ವಿಳಾಸ ಕೂಡಿಹಾಕುವ ಯಂತ್ರಗಳ ಕಣ್ಣಿಗೆ ಅದು ಬೀಳದಿರಲೆಂದು ಪುಟದ ಮೂಲದಲ್ಲಿ ತಿರುಗುಮುರುಗಾಗಿ ಬರೆದು, ಓದುವವರ ತೆರೆಯ ಮೇಲೆ ಮಾತ್ರ ನೆಟ್ಟಗೆ ತೋರಿಸುವುದು ಒಳ್ಳೆಯ ಉಪಾಯ. ಒಗಟಿನ ಉತ್ತರವನ್ನೋ ಕಥೆಯ ಕೊನೆಯನ್ನೋ ಅರೆಕ್ಷಣ ಮುಚ್ಚಿಡುವುದಕ್ಕೂ ಇದು ಸಾಕು. ಪಾಸ್‌ವರ್ಡಿಗೆ, ಆಧಾರ್ ಸಂಖ್ಯೆಗೆ, ಬ್ಯಾಂಕಿನ ಲೆಕ್ಕಕ್ಕೆ ಸಾಲದು. ಅವಕ್ಕೆ ಚೆನ್ನಮ್ಮನ ಮರೆ ಬೇಕು, ಅಂದರೆ ಕ್ರಮವೆಲ್ಲ ಜಗತ್ತಿಗೇ ತಿಳಿದಿದ್ದರೂ ಬೀಗದ ಕೈ ಇಲ್ಲದೆ ತೆರೆಯದ ನಿಜವಾದ ಗೂಢಲಿಪಿ.

ಯಾರೂ ಉದ್ದೇಶಿಸದೆ ಕನ್ನಡ ಮರೆಯಾದ ಒಂದು ಕಾಲವೂ ನಮ್ಮ ಕಣ್ಣೆದುರೇ ಆಗಿಹೋಯಿತು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ನಾವು ಕನ್ನಡ ಬೆರಳಚ್ಚಿಸುತ್ತಿದ್ದೆವು. ತೆರೆಯ ಮೇಲೆ ಕಾಣುತ್ತಿದ್ದುದು ಕನ್ನಡ. ಕಡತದೊಳಗೆ ಇರುತ್ತಿದ್ದುದು ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಗುರುತುಗಳು. ನುಡಿಯಲ್ಲಿ ಬರೆದ ‘ಕನ್ನಡ’ವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಕಾರದ ಜಾಗದಲ್ಲಿ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’, ನಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತು, ನಕಾರದ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ ಕಾಣುತ್ತಿತ್ತು. ಸಹಕಾರ ಸಂಘದ ವರದಿ, ಪಂಚಾಯಿತಿಯ ನಡಾವಳಿ, ಕವಿಯ ಹಸ್ತಪ್ರತಿ ಎಲ್ಲವೂ ಈ ಮುಸುಕಿನಲ್ಲಿ ಬಿದ್ದವು. ಹುಡುಕುಯಂತ್ರಕ್ಕೆ ಅವು ಕನ್ನಡವೇ ಅಲ್ಲ.

ಅವುಗಳನ್ನು ಹೊರತೆಗೆಯುವ ಪರಿವರ್ತಕಗಳನ್ನು ಬರೆದವರ ಕೆಲಸ ಸಣ್ಣದಲ್ಲ. ನುಡಿಯ ಮಕಾರ ಮೂರು ತುಣುಕುಗಳದ್ದು. ಮೊದಲ ಎರಡು ಸೇರಿದರೆ ವಕಾರ, ಮೂರನೆಯದು ಉತ್ವದ ಕೊಂಬು. ಪಟ್ಟಿಯನ್ನು ತಪ್ಪು ಕ್ರಮದಲ್ಲಿ ಅನ್ವಯಿಸಿ ಮೊದಲು ವಕಾರವನ್ನು ಬದಲಿಸಿದರೆ ‘ಮರೆ’ ‘ವುರೆ’ ಆಗುತ್ತದೆ, ‘ಮತ್ತು’ ‘ವುತ್ತು’ ಆಗುತ್ತದೆ. ಅರೆಬರೆ ಪರಿವರ್ತನೆಯಾದ ಬರಹಗಳಲ್ಲಿ ಈ ‘ವುತ್ತು’ ಇಂದಿಗೂ ಸಿಗುತ್ತದೆ. ಆದ್ದರಿಂದ ಉದ್ದನೆಯ ತುಣುಕನ್ನು ಮೊದಲು, ಚಿಕ್ಕದನ್ನು ಆಮೇಲೆ ಬದಲಿಸಬೇಕು. ಆಗುಂಬೆಗೆ ಜನ ನೋಡಲು ಬರುವ ‘ಸೂರ್ಯಾಸ್ತ’ ಇನ್ನೂ ಕಷ್ಟ. ಅರ್ಕಾವೊತ್ತು ಕಣ್ಣಿಗೆ ಕಾಣುವುದು ‘ಯಾ’ದ ಬಲಗಡೆ, ನುಡಿ ಅದನ್ನು ಕಂಡ ಜಾಗದಲ್ಲಿಯೇ ಇಟ್ಟಿತು. ಉಚ್ಚಾರದಲ್ಲಿ ರಕಾರ ಮೊದಲು, ಯೂನಿಕೋಡಿಗೆ ಉಚ್ಚಾರದ ಕ್ರಮ ಬೇಕು. ಪರಿವರ್ತಕ ಅದನ್ನು ಎತ್ತಿ ಯಕಾರಕ್ಕಿಂತ ಮೊದಲಿಗೆ ತರಬೇಕು. ಬರಿಯ ಪಟ್ಟಿ ಸಾಲದು, ಕನ್ನಡದ ಅಕ್ಷರಕಟ್ಟು ಹೇಗೆ ನಡೆಯುತ್ತದೆಂದು ಬಲ್ಲ ಬುದ್ಧಿ ಬೇಕು. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ಮಾತಾಡಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು’ ಹೆಸರಿನ ತಂತ್ರಾಂಶವನ್ನು ತಂದದ್ದು ಈ ಹಿನ್ನೆಲೆಯಲ್ಲಿಯೇ. ಒಳ್ಳೆಯ ಸುದ್ದಿಯೆಂದರೆ ಇಲ್ಲಿ ಕನ್ನಡ ಮರೆಯಾಗಿತ್ತು, ಮರೆತುಹೋಗಿರಲಿಲ್ಲ. ಪಟ್ಟಿ ಇದ್ದದ್ದರಿಂದ ಅಕ್ಷರ ಅಕ್ಷರವಾಗಿ ಮರಳಿ ಬಂತು.

ಮರೆವು ಬೇರೆಯೇ. ಅದನ್ನು ತಿಳಿಯಲು ಕರ್ನಾಟಕ ಸಂಗೀತ ಕಲಿತವರಿಗೆಲ್ಲ ಗೊತ್ತಿರುವ ಕಟಪಯಾದಿಗೆ ಹೋಗೋಣ. ವ್ಯಂಜನಗಳಿಗೆ ಅಂಕಿ ಕೊಟ್ಟು, ಹಿಂದುಮುಂದಾಗಿ ಓದಿ, ಮೇಳಕರ್ತ ರಾಗದ ಹೆಸರಿನ ಮೊದಲ ಎರಡು ಅಕ್ಷರಗಳಿಂದಲೇ ಅದರ ಸಂಖ್ಯೆಯನ್ನು ಹೇಳುವ ಕ್ರಮ ಅದು. ಧೀರಶಂಕರಾಭರಣದಲ್ಲಿ ಧ 9, ರ 2. ತಿರುಗಿಸಿದರೆ 29ನೆಯ ಮೇಳ. ಮೇಚಕಲ್ಯಾಣಿಯಲ್ಲಿ ಮ 5, ಚ 6, ಅದು 65ನೆಯದು. ಈಗ ‘ಮರೆ’ಯನ್ನೇ ಹಾಕಿ. ಮ 5, ರ 2, ಸಂಖ್ಯೆ 25. ಯಾರೋ ನಿಮಗೆ 25 ಎಂದಷ್ಟೇ ಹೇಳಿದರೆ ‘ಮರೆ’ಗೆ ಹಿಂದಿರುಗಬಲ್ಲಿರಾ? 5ಕ್ಕೆ ಙ, ಣ, ಮ, ಶ ನಾಲ್ಕೂ ಸಲ್ಲುತ್ತವೆ. 2ಕ್ಕೆ ಖ, ಠ, ಫ, ರ ನಾಲ್ಕೂ ಸಲ್ಲುತ್ತವೆ. ವ್ಯಂಜನದಲ್ಲಿಯೇ 16 ಜೋಡಿ, ಸ್ವರಗಳಿಗಂತೂ ಬೆಲೆಯೇ ಇಲ್ಲವಾದ್ದರಿಂದ ಯಾವ ಸ್ವರವಾದರೂ ಆದೀತು. ಪದದಿಂದ ಸಂಖ್ಯೆಗೆ ದಾರಿ ಒಂದೇ, ಸಂಖ್ಯೆಯಿಂದ ಪದಕ್ಕೆ ದಾರಿ ಇಲ್ಲ. ಹೋಗುವಾಗ ಪದ ತನ್ನ ಬಹುಭಾಗವನ್ನು ಹಿಂದೆ ಬಿಟ್ಟುಹೋಯಿತು.

ಪ್ರೋಗ್ರಾಮರುಗಳು ಹ್ಯಾಶ್ ಎನ್ನುವುದು ಇದೇ ಗುಣದ್ದು, ಇದಕ್ಕಿಂತ ಕೋಟಿ ಪಾಲು ಬಲವಾದದ್ದು. ಎಸ್‌ಎಚ್‌ಎ-256ಕ್ಕೆ ‘ಮರೆ’ ಎಂಬ ಒಂದು ಪದ ಕೊಟ್ಟರೂ ಒಂದು ಇಡೀ ಗ್ರಂಥ ಕೊಟ್ಟರೂ ಹೊರಬರುವುದು 64 ಗುರುತುಗಳ ಒಂದು ಸಾಲು. ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ, ಸಾಲಿನಿಂದ ಗ್ರಂಥಕ್ಕೆ ಹಿಂತಿರುಗುವ ದಾರಿ ಇಲ್ಲ. ಜವಾಬ್ದಾರಿಯುಳ್ಳ ತಾಣ ನಿಮ್ಮ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದಿಲ್ಲ, ಅದರ ಹ್ಯಾಶನ್ನು ಇಟ್ಟುಕೊಳ್ಳುತ್ತದೆ. ನೀವು ಮತ್ತೆ ಬಂದು ಪಾಸ್‌ವರ್ಡ್ ಹೊಡೆದಾಗ ಅದನ್ನೂ ಹ್ಯಾಶ್ ಮಾಡಿ ಎರಡನ್ನೂ ಹೋಲಿಸುತ್ತದೆ. ನಿಮ್ಮ ಪಾಸ್‌ವರ್ಡ್ ಏನೆಂಬುದು ಅದಕ್ಕೆ ನಿಜಕ್ಕೂ ಮರೆತುಹೋಗಿರುತ್ತದೆ. ಇದಕ್ಕೆಂದು ಎಲ್ಲ ಹ್ಯಾಶೂ ಆಗುವುದಿಲ್ಲ. 1990ರ ದಶಕದ ಎಂಡಿ5 ಮುರಿದುಬಿದ್ದು ಎರಡು ದಶಕವಾಯಿತು. ಎಸ್‌ಎಚ್‌ಎ-256 ಮುರಿದಿಲ್ಲವಾದರೂ ಬಹಳ ವೇಗದ್ದು; ಕದ್ದವನು ಸಾಮಾನ್ಯ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹಾಕಿ ನೋಡುವುದಕ್ಕೆ ಆ ವೇಗವೇ ಅವನಿಗೆ ನೆರವಾಗುತ್ತದೆ. ಪಾಸ್‌ವರ್ಡಿಗೆ ಬೇಕಾದದ್ದು ಬೇಕೆಂದೇ ನಿಧಾನವಾಗಿ ನಡೆಯುವ, ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ‘ಉಪ್ಪು’, ಅಂದರೆ ಗೊತ್ತುಗುರಿಯಿಲ್ಲದೆ ಆಯ್ದ ಗುರುತುಗಳ ಸಾಲು, ಬೆರೆಸುವ ಕ್ರಮ. 2013ರಲ್ಲಿ ಪಿಎಚ್‌ಪಿ ಭಾಷೆ ಅಂಥದೊಂದು ಸಿದ್ಧ ಸೂಚನೆಯನ್ನು ತನ್ನೊಳಗೇ ಸೇರಿಸಿಕೊಂಡಿತು. ಅದು ಕೈಗೆಟುಕುವಲ್ಲಿರುವಾಗ ಬೇಸ್64ನ್ನೋ ರಾಟ್13ನ್ನೋ ಪಾಸ್‌ವರ್ಡಿಗೆ ಹೊದಿಸುವುದು ಅಕ್ಷಮ್ಯ.

ಬಯಸಿ ತಂದುಕೊಂಡ ಮರೆವಿಗೆ ಇದು ಉದಾಹರಣೆ. ಬಯಸದೆ ಬಂದ ಮರೆವೂ ಇದೇ ಸೀಮೆಯಲ್ಲಿದೆ. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳಿವೆ. ಮಲೆನಾಡು ಕರಾವಳಿಗಳಲ್ಲಿ ಸಂಸ್ಕೃತವನ್ನು, ಕೆಲವೆಡೆ ಕನ್ನಡ ತುಳುಗಳನ್ನೂ ಬರೆಯಲು ತಲೆಮಾರುಗಳು ಬಳಸಿದ ಲಿಪಿ ಅದು, ಗುಟ್ಟಿಗಾಗಿ ಹುಟ್ಟಿದ್ದಲ್ಲ. ಹಲವು ಮನೆಗಳ ಹಿರಿಯರು ಓದುತ್ತಿದ್ದರು. ಮಕ್ಕಳಿಗೆ ಕಲಿಸುವುದು ನಿಂತಿತು, ಅಷ್ಟೇ. ಅಟ್ಟದ ಮೇಲಿನ ಗರಿಗಳಲ್ಲಿ ಅಜ್ಜನ ಕೈಬರಹ ಹಾಗೇ ಇದ್ದರೂ ಮೊಮ್ಮಗನಿಗೆ ಅದು ಯಾವ ಗೂಢಲಿಪಿಗೂ ಕಡಿಮೆಯಲ್ಲ. ಕದ್ದವರಿಲ್ಲ, ಬಚ್ಚಿಟ್ಟವರಿಲ್ಲ, ಮರೆತವರು ಮಾತ್ರ. 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಈ ಲಿಪಿಗೆ ಸಂಖ್ಯೆಗಳನ್ನು ಕೊಟ್ಟಿದೆ. ಸಂಖ್ಯೆ ಸಿಕ್ಕಿತು, ಓದಬಲ್ಲವರು ಬೇಕು. ಓದಬಲ್ಲವರು ಇರುವಾಗಲೇ ಅವರ ಬಳಿ ಕೂತು ಕಲಿಯುವ ಕೆಲಸ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಇನ್ನೂ ಆಗಬೇಕಿದೆ.

ಓದುಗರು ಇಂದೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನೀವು ಬಳಸುವ ಯಾವುದಾದರೂ ತಾಣದಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಎಂಬುದನ್ನು ಒತ್ತಿ ನೋಡಿ. ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಿ ಎಂದು ಕೊಂಡಿ ಕಳುಹಿಸಿದರೆ ಅದು ಸರಿಯಾದ ನಡೆ. ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇ-ಅಂಚೆಯಲ್ಲಿ ಬರೆದು ಕಳುಹಿಸಿದರೆ ಅವರು ಅದನ್ನು ಮರೆತಿಲ್ಲ, ಹೊರತೆಗೆಯಬಲ್ಲ ಕಡೆ ಇಟ್ಟುಕೊಂಡಿದ್ದಾರೆ. ಅವರು ತೆಗೆಯಬಲ್ಲದ್ದನ್ನು ಅಲ್ಲಿ ನುಗ್ಗಿದವನೂ ತೆಗೆಯಬಲ್ಲ. ಅಂಥ ತಾಣದ ಪಾಸ್‌ವರ್ಡನ್ನು ಇನ್ನೆಲ್ಲಿಯಾದರೂ ಬಳಸಿದ್ದರೆ ಅಲ್ಲೆಲ್ಲ ಇವತ್ತೇ ಬದಲಿಸಿ.